ಮೂರಕ್ಷರ

ವಾದಿ ಕಬೀರಿನ ಗ್ಯಾರೇಜಿನ ಹಿಂದೆ
ಟಯರುಗಳ ನಡುವೆ ನಿಂತಿತ್ತು, ಆಳೆತ್ತರದ ಆಟದ ಪೆಟ್ಟಿಗೆ.
ನಲವತ್ತಾರು ಡಿಗ್ರಿ. ಪಿಕಪ್ಪಿಗೆ ಏರಿಸುವಾಗ
ಚೆಯ್ಯಬ್ಬಾಕ ಅಂದರು: ಮೆಲ್ಲ ಮಾರಾಯ, ಬಾಣಂತಿಯ ಹಾಗೆ.

ಬೆನ್ನು ಬಿಚ್ಚಿದೆ. ಜಿರಳೆ ಮೊಟ್ಟೆ, ಮರಳು,
ಗಂಟಲಲ್ಲಿ ಸಿಕ್ಕಿಕೊಂಡ ಐವತ್ತು ಬೈಸಾ.
ಸತ್ತ ಬೋರ್ಡಿನ ಜಾಗಕ್ಕೆ ನನ್ನ ಹಳೇ ಕಂಪ್ಯೂಟರು;
ಕೋಲಿಗೆ ನಾಲ್ಕು ವಯರು, ಗುಂಡಿಗೆ ಆರು,
ಅರ್ಥಿಂಗ್ ಮರೆತು ಒಂದು ಸಂಜೆ ಹಾಳು.
ಪರದೆ ಮಾತ್ರ ಬದಲಿಸಲು ಬಿಡಲಿಲ್ಲ ಅವರು.
ಕರೆಂಟಿಲ್ಲದೆಯೂ ಕಾಣುತ್ತದೆ, ನೋಡು.
ನಿಜ. ಗಾಜಿನೊಳಗೆ ಸುಟ್ಟು ಉಳಿದ ಗೋಡೆ, ಓಣಿ.

ಎಂಬತ್ತೇಳರಲ್ಲಿ, ಮತ್ರಾದ ಗೇಮ್ ಅಂಗಡಿಯಲ್ಲಿ
ಅವರು ಚಿಲ್ಲರೆ ಕೊಡುವ ಹುಡುಗ.
ಆಡುವಂತಿಲ್ಲ. ಒರೆಸಬಹುದು.
ರಾತ್ರಿ ಹನ್ನೊಂದಕ್ಕೆ ಮೈನ್ ಸ್ವಿಚ್ಚು ಅವರ ಕೈಯಲ್ಲೇ,
ಟಪ್ ಎಂದರೆ ಆ ದಿನ ಗೆದ್ದವರ ಹೆಸರೆಲ್ಲ ಹೋಯಿತು.
ಬಲೂಚಿ ಹುಡುಗನೊಬ್ಬ, ಮೋನೇ, ಮುರಾದ್,
ಮೀನುಪೇಟೆಗೆ ಐಸ್ ಹೊರುವವ.
ದಿನಾ ಬಂದು ತನ್ನ ಹೆಸರು ಹುಡುಕುವನು, ಇಲ್ಲ,
ಯಂತ್ರಕ್ಕೆ ಬೈದು ಮತ್ತೆ ಮೊದಲಿಂದ.
ನಾನು ಆಚೆ ನೋಡುತ್ತಿದ್ದೆ.

ನಿನ್ನೆ ಮುಗಿಯಿತು. ಇದಕ್ಕೆ ಕಾಸು ಬೇಡ ಎಂದೆ;
ಕೇಳದೆ ಅದೇ ಐವತ್ತು ಬೈಸಾ ತೂರಿಸಿದರು.
ಎಸಿ ಬಿಚ್ಚಿ ಬಿಚ್ಚಿ ದಪ್ಪಗಾದ ಬೆರಳು,
ಅರ್ಧ ನಿಮಿಷಕ್ಕೆ ಮೂರು ಸಲ ಸತ್ತರು.
ಪಟ್ಟಿ ಖಾಲಿ, ಹಾಗಾಗಿ ಮೊದಲ ಸ್ಥಾನ.
ಹೆಸರು ಕೇಳಿತು.
ಕೋಲು ತಿರುಗಿಸಿ, ದಾಟಿಹೋಗಿ, ಹಿಂದೆ ಬಂದು,
ಎಂ. ಯು. ಆರ್.

ಇದು ಆರಿಸಿದರೂ ಮರೆಯುವುದಿಲ್ಲ ಎಂದೆ.
ಹೌದಾ, ಎಂದರು.
ಹೋಗುವಾಗ ಸ್ವಿಚ್ಚು ಮುಟ್ಟಲಿಲ್ಲ.