ಅರವತ್ತನೆಯ ಸೆಕೆಂಡು

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಇದು ಮೂರನೆಯ ರಾತ್ರಿ.
ಹರಾಜಿನ ದರ ಪರದೆಯ ಮೇಲೆ ಓಡುತ್ತಿರುತ್ತದೆ,
ಬಂಗುಡೆ, ಇಸ್ವಾಣ, ನೊಗ್ಲಿ.
ದೋಣಿ ಬಾರದೆ ಒಂದು ನಿಮಿಷ ಸುಮ್ಮನಾದರೆ ಸಾಕು,
ಸಾಕೆಟ್ ಸತ್ತಿರುತ್ತದೆ.

ಲಾಗಿನಲ್ಲಿ ಬರೀ ೧೦೦೬. ಹೋಗಿಬರುವೆ ಎಂಬ ಮಾತೂ ಇಲ್ಲ.
ಸರ್ವರನ್ನು ಕೇಳಿದರೆ: ನಾನು ಮುಚ್ಚಿಲ್ಲ.
ಬ್ರೌಸರನ್ನು ಕೇಳಿದರೆ: ನಾನೂ ಮುಚ್ಚಿಲ್ಲ.
ನನ್ನ ಕೋಡನ್ನು ಬೈದೆ, ವೈಫೈಯನ್ನು ಬೈದೆ,
ಕಾಳಿ ಸೇತುವೆಯಾಚೆಯ ಟವರನ್ನೂ ಬಿಡಲಿಲ್ಲ.

ನಸುಕಿಗೆ ಕೆಳಗಿಳಿದರೆ ನಿಜವಾದ ಹರಾಜು.
ಶೇವಂತಿಬಾಯಿ ದುರ್ಗೇಕರ
ಬುಟ್ಟಿ ಮಗುಚಿ ಕೂತಿದ್ದಾಳೆ. ಕೂಗುವುದಿಲ್ಲ, ಕೊಳ್ಳುವುದಿಲ್ಲ,
ಆಗಾಗ ಕೆಮ್ಮುತ್ತಾಳೆ.
“ಥಂಡಿ ಆಯ್ತಾ ಬಾಯಿ?”
“ಥಂಡಿ ಎಲ್ಲಿದು! ಸುಮ್ನಿದ್ರೆ ದಲಾಲಿ
ನಾ ಎದ್ದೋದೆ ಅಂತ ತಿಳೀತಾನೆ,
ಮುಂದಿನ ಬುಟ್ಟಿ ತೋರ್ಸೂದೇ ಇಲ್ಲ.”

ದಲಾಲಿ!
ನಡುವೆ ನಿಂತವನನ್ನು ನಾನು ಕೇಳಿಯೇ ಇರಲಿಲ್ಲ.
ಮಾಳಿಗೆ ಹತ್ತಿ ಪ್ರಾಕ್ಸಿಯ ಫೈಲು ತೆರೆದೆ:
ಅರವತ್ತು ಸೆಕೆಂಡು ಅವನ ತಾಳ್ಮೆ.

ಅವನನ್ನು ತಿದ್ದಲು ಹೋಗಲಿಲ್ಲ.
ಇಪ್ಪತ್ತೈದಕ್ಕೊಮ್ಮೆ ಒಂದು ಪಿಂಗ್ ಕಳಿಸೆಂದು
ಸರ್ವರಿಗೆ ಕಲಿಸಿದೆ, ಅಷ್ಟೆ.

ಈಗ ಲಾಗಿನ ತುಂಬ ಕೆಮ್ಮು.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ, ನೊಗ್ಲಿ, ಬುಟ್ಟಿಗೆ ಒಂಬೈನೂರು.