ಸುಣ್ಣದ ಬತಾಕ

ಅಕ್ಕಿ ಚೀಲವಲ್ಲ, ಗ್ಯಾಸ್ ಸಿಲಿಂಡರಲ್ಲ,
ಒಂದು ಒದ್ದೆ ಬನಿಯನ್ ಹಿಂಡುವಾಗ
ಬೀಪಾತುವಿನ ಮಣಿಕಟ್ಟು ಮುರಿಯಿತು.
ಹಪ್ಪಳ ಮುರಿದ ಸದ್ದು. ನಾನು ಚಹಾ ಕುಡಿಯುತ್ತಿದ್ದೆ,
ಪಕ್ಕದ ಫ್ಲ್ಯಾಟಿನಲ್ಲಿ ಏನೋ ಬಿತ್ತು ಅಂದುಕೊಂಡೆ.

ಶಾರ್ಜಾದ ಆಸ್ಪತ್ರೆಯಲ್ಲಿ ಈಜಿಪ್ಟಿನ ಡಾಕ್ಟರಮ್ಮ
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು.
ಐವತ್ತೆರಡರ ಹೆಂಗಸಿಗೆ ಎಂಬತ್ತರ ಎಲುಬು, ಅಂದಳು.
ಏನು ಕೆಲಸ ಇವಳದ್ದು?
ಏನೂ ಇಲ್ಲ, ಅಂದೆ. ಮನೆಯಲ್ಲೇ.
ನಿನ್ನದು?
ರೇಡಿಯೇಟರ್ ರಿಪೇರಿ. ಇಪ್ಪತ್ತು ವರ್ಷ ಬೆಸುಗೆ ಹಾಕಿದೆ.
ಅಲ್ಯೂಮಿನಿಯಂ ಬಂತು, ಬೆಸುಗೆ ನಿಂತು ಆರು ವರ್ಷ ಆಯಿತು.
ಅವಳು ಪೆನ್ನು ಕೆಳಗಿಟ್ಟಳು.

ಇಂಡಸ್ಟ್ರಿಯಲ್ ಏರಿಯಾ, ತಗಡಿನ ಮಾಡು,
ಆಗಸ್ಟಿನಲ್ಲಿ ಸ್ಪ್ಯಾನರ್ ಮುಟ್ಟಿದರೆ ಬೊಕ್ಕೆ.
ಸೋರುವ ರೇಡಿಯೇಟರ್ ಬಿಚ್ಚಿ, ಹಳೆ ಬೆಸುಗೆ ಕೆರೆದು,
ಹೊಸ ಸೀಸ ಹೊಯ್ಯುತ್ತಿದ್ದೆವು ನಾನೂ ಗುಲ್ ರಹ್ಮಾನನೂ.
ಕರಗಿದ ಸೀಸ ಎಷ್ಟು ಚೆಂದ ಗೊತ್ತುಂಟಾ?
ಮೊದಲ ಗಳಿಗೆ ತಾಜಾ ಬಂಗುಡೆಯ ಹೊಟ್ಟೆ,
ಮರುಗಳಿಗೆ ಪೊರೆ ಬಂದ ಕಣ್ಣು.
ಗುಲ್‌ನ ಒಸಡಿಗೆ ನೀಲಿ ಗೆರೆ ಬಿದ್ದಾಗ
ನಸ್ವಾರಿನ ಕಲೆ ಎಂದು ನಕ್ಕೆವು.
ಅವನ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಾಗ
ಅರ್ಬಾಬ್ ಟಿಕೆಟ್ ಕೊಟ್ಟ, ಒಂದು ಕಂಬಳಿಯನ್ನೂ.
ಆಮೇಲೆ ನಗಲಿಲ್ಲ. ಕೇಳಲೂ ಇಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದಳು, ಅರ್ಧ ಅರಬಿ, ಅರ್ಧ ಹಿಂದಿ.
ನನಗೆ ತಿಳಿದದ್ದು ನನ್ನ ಲೆಕ್ಕದಲ್ಲಿ ಇಷ್ಟು:
ಎಲುಬು ಕಲ್ಲಲ್ಲ, ಕೆಡವುತ್ತಾ ಕಟ್ಟುತ್ತಾ
ಎಂದೂ ಮುಗಿಯದ ಸೈಟು.
ಸೀಸ ಗೇಟಿಗೆ ಬರುವುದು ಸುಳ್ಳು ಬತಾಕ ಹಿಡಿದು,
ಅದರಲ್ಲಿ ಸುಣ್ಣದ ಹೆಸರು, ಸುಣ್ಣದ ಫೋಟೋ.
ಸುಣ್ಣದ ಮಂಚದಲ್ಲಿ ಮಲಗುತ್ತದೆ,
ಕಟ್ಟುವವರ ಕೈ ಕಟ್ಟುತ್ತದೆ.
ನಮಗಾದರೆ ಎರಡು ವರ್ಷಕ್ಕೊಮ್ಮೆ ಮೆಡಿಕಲ್,
ರಕ್ತ ಕೊಡಬೇಕು, ಎದೆಯ ಚಿತ್ರ ಕೊಡಬೇಕು
(ಆ ರಕ್ತದಲ್ಲಿ ಇದನ್ನು ಯಾರೂ ಹುಡುಕಲಿಲ್ಲ).
ಅದಕ್ಕೆ ಕಫೀಲನಿಲ್ಲ, ವೀಸಾ ಇಲ್ಲ, ಇಪ್ಪತ್ತು ವರ್ಷ, ಮೂವತ್ತು.
ಮತ್ತೆ ಹೆಂಗಸಿಗೆ ಮುಟ್ಟು ನಿಂತು
ಎಲುಬು ಸವೆಯತೊಡಗಿದಾಗ
ಮಲಗಿದ್ದು ಎದ್ದು ರಕ್ತಕ್ಕೆ ಇಳಿಯುತ್ತದೆ.

ಆದರೆ ಇವಳು ಗ್ಯಾರೇಜಿನ ಹೊಸಿಲು ಮೆಟ್ಟಿದವಳಲ್ಲ!
ಬಟ್ಟೆ ಒಗೆಯುತ್ತಿದ್ದವರು ಯಾರು, ಕೇಳಿದಳು ಡಾಕ್ಟರಮ್ಮ.

ರಾತ್ರಿ ಒಂಬತ್ತೂವರೆ. ಬಾಗಿಲಲ್ಲೇ ಕಳಚಿದ ನನ್ನ ನೀಲಿ ಯೂನಿಫಾರ್ಮ್.
ಬಾಲ್ಕನಿಯ ಸರಳಿಗೆ ಅದನ್ನು ಬಡಿದು ಬಡಿದು ಕೊಡವುವ ಬೀಪಾತು,
ಟ್ಯೂಬ್‌ಲೈಟಿನ ಕೆಳಗೆ ಬೂದು ಹುಡಿ
ಅವಳ ತಲೆವಸ್ತ್ರಕ್ಕೆ, ರೆಪ್ಪೆಗೆ.
ಜೇಬಿಗೆ ಕೈ ಹಾಕಿ ಚಿಲ್ಲರೆ ಹುಡುಕುವುದು.
ಅದೇ ಬೆರಳಿನಲ್ಲಿ ಸಾರಿನ ಉಪ್ಪು ನೋಡುವುದು.
ಶುಕ್ರವಾರ ಬಿಟ್ಟು ಎಲ್ಲ ರಾತ್ರಿ.
ಏನೂ ಇಲ್ಲ, ಮನೆಯಲ್ಲೇ, ಅಂದಿದ್ದೆನಲ್ಲ.

ರಿಪೋರ್ಟ್ ಬಂದ ದಿನ ಅಂಕೆ ಓದಿಸಿಕೊಂಡಳು.
ನನ್ನ ರಕ್ತದಲ್ಲಿ ಹತ್ತೊಂಬತ್ತು. ಅವಳದರಲ್ಲಿ ಇಪ್ಪತ್ತೇಳು.
ನೋಡಿ, ಅಂದಳು, ಒಂದರಲ್ಲಾದರೂ ನಿಮ್ಮನ್ನು ಮೀರಿಸಿದೆ.
ಮತ್ತೆ ಸ್ವಲ್ಪ ಹೊತ್ತು ಬಿಟ್ಟು:
ಮಕ್ಕಳು ಹೊಟ್ಟೆಯಲ್ಲಿದ್ದಾಗಲೂ ನಾನೇ ಅಲ್ಲವಾ ಒಗೆದದ್ದು?

ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಮೊನ್ನೆ ರಜೆಗೆ ಹೊರಟೆವು. ಲಗೇಜು ತೂಗಿದರು,
ಅರ್ಧ ಕಿಲೋ ಹೆಚ್ಚು ಎಂದು ಖರ್ಜೂರ ತೆಗೆಸಿದರು.
ಪ್ಲಾಸ್ಟರಿನ ಕೈ ಎತ್ತಿಕೊಂಡು ಬೀಪಾತು
ಲೋಹ ಹುಡುಕುವ ಚೌಕಟ್ಟು ದಾಟಿದಳು.
ಅದು ಕೂಗಲಿಲ್ಲ.
ಆಚೆ ನಿಂತು ಅವಳೇ ಕೂಗಿದಳು:
ಎಂತ ನೋಡ್ತಾ ನಿಂತದ್ದು ನೀವು?
ಒಳಗೆ ತುರಿಸ್ತಾ ಉಂಟು,
ಆ ಪೆನ್ನು ಕೊಡಿ ಇಲ್ಲಿ.