ಪೊಟ್ಟಣದ ಮೇಲಿನ ಸಣ್ಣಕ್ಷರ

ಜೊಂಬಾದ ದೊಡ್ಡಾಸ್ಪತ್ರೆಯಲ್ಲಿ ನಮಗೆ
ಪಾಠ ನಡೆಯುತ್ತಿದ್ದುದು ಬಟ್ಟೆಕೋಣೆಯೊಳಗೆ.
ಸಿಸ್ಟರ್ ನಖುಮ್ವಾ ಒಬ್ಬರೇ, ಹಾಸಿಗೆ ಅರವತ್ತೆರಡು,
ನೆಲದ ಚಾಪೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.
ಅವರನ್ನು ಕೇಳಲು ಸರದಿ ಬರುವ ಹೊತ್ತಿಗೆ
ಕೇಳಬೇಕಾದದ್ದೇ ಮರೆತಿರುತ್ತಿತ್ತು.

ಹಾಗಾಗಿ ಉಲೆಮು.
ಓದಿನಲ್ಲಿ ನನಗಿಂತ ಆರು ತಿಂಗಳು ಮುಂದೆ,
ನಿಂತರೆ ನನ್ನ ಭುಜದವರೆಗೆ.
ಒಗೆದ ಚಾದರಗಳ ಅಟ್ಟಿಯ ಮೇಲೆ ಕೂತು
ಹರಿದ ಕೈಗವಸನ್ನೇ ಪಟ್ಟಿ ಮಾಡಿ ತೋಳಿಗೆ ಬಿಗಿದು
"ನೋಡಬೇಡ, ಮುಟ್ಟು" ಅನ್ನುವಳು.
"ಕಣ್ಣಿಗೆ ಕಾಣುವ ನರವನ್ನು ನಂಬಬೇಡ,
ಬೆರಳಿಗೆ ಪುಟಿದದ್ದು ನಿಜ."
ಅವಳ ಮೊಣಕೈ ಮಡಿಕೆಯಲ್ಲಿ ಮೂರು ನೀಲಿ ಕಲೆ:
ನನ್ನ ಹಿಂದಿನ ಮೂರು ಪಾಠ.

ಅಜ್ಜಿಯರನ್ನು ಮಗ್ಗುಲಾಗಿಸುವ ಮೊದಲು
ಅವರಿಗೆ ಹೇಳಬೇಕು; ಕಿವಿ ಕೇಳದಿದ್ದರೂ ಹೇಳಬೇಕು.
ಹಾಸಿಗೆಯ ಕೆಳಗೆ ಚಿಟೆಂಜೆ ಹೊದ್ದು ಮಲಗುವ
ತಂಗಿಯರ, ಸೊಸೆಯರ ಹೆಸರು ಗೊತ್ತಿರಬೇಕು,
ಇರುಳಲ್ಲಿ ಉಸಿರು ಬದಲಾದದ್ದು
ಮೊದಲು ತಿಳಿಯುವುದು ಅವರಿಗೇ.
ಇದೆಲ್ಲ ಉಲೆಮು ಹೇಳಿದ್ದು.

ನಾನು ಅವಳಿಗೆ ಕೊಟ್ಟದ್ದು ಒಂದೇ.
ಮಗು ಹೋದ ತಾಯಿಯೆದುರು ಅವಳಿಗೆ ಮಾತೇ ತೋಚದಾಗ
ಏನೂ ಹೇಳದೆ ನೆಲದ ಮೇಲೆ ಪಕ್ಕದಲ್ಲಿ ಕೂರುವುದು.
ನಮ್ಮ ಮನೆಯಲ್ಲಿ ಮೂರು ಸಲ ಕಲಿತಿದ್ದೆ.

ಮತ್ತೆ, ಹನಿಯ ಲೆಕ್ಕ.
"ಒಂದು ಮಿಲಿಗೆ ಹದಿನೈದು ಹನಿ.
ಲೀಟರು ಎಂಟು ತಾಸಿಗೆ ಅಂದರೆ
ನಿಮಿಷಕ್ಕೆ ಮೂವತ್ತೊಂದು. ಬಾಯಿಪಾಠ ಮಾಡು."
ಮಾಡಿದೆ, ಮಗ್ಗಿಯ ಹಾಗೆ,
ಮಿನಿಬಸ್ಸಿನಲ್ಲಿ ನಿಂತು, ಒಲೆಯೆದುರು ನ್ಸಿಮಾ ತೊಳಸುತ್ತ.
ನನಗಿಂತ ಕಿರಿಯ ತಕೊಂಡ್ವಾಗೂ ಹೇಳಿಕೊಟ್ಟೆ,
ನಾನೇ ಕಂಡುಹಿಡಿದವಳಂತೆ, ಕೊಂಚ ಜಂಬದಿಂದ.

ಆ ರಾತ್ರಿ ಹತ್ತಕ್ಕೆ ಹಚ್ಚಿದ ಸಲೈನ್
ಬೆಳಗಿನ ಆರಕ್ಕೆ ಮುಗಿಯಬೇಕಿತ್ತು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನೇ,
ಗಡಿಯಾರದ ಮುಳ್ಳು ನೋಡುತ್ತ ಎಣಿಸಿದವಳೂ ನಾನೇ:
ಮೂವತ್ತೊಂದು. ಹೆಚ್ಚಿಲ್ಲ, ಕಡಿಮೆಯಿಲ್ಲ.
ಆರಕ್ಕೆ ಬಾಟಲಿಯಲ್ಲಿ ಕಾಲುಭಾಗ ಹಾಗೇ ಇತ್ತು.
ಹತ್ತೊಂಬತ್ತನೆಯ ಹಾಸಿಗೆಯ ಅಜ್ಜಿ
ಒಣ ನಾಲಗೆಯಿಂದ ತುಟಿ ಸವರಿಕೊಂಡಳು.
ಕಸದ ಡಬ್ಬಿಗೆ ಕೈ ಹಾಕಿ ಪೊಟ್ಟಣ ಹೆಕ್ಕಿದೆ.
ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ:
ಮಿಲಿಗೆ ಇಪ್ಪತ್ತು.

ಪಾಳಿ ಬದಲಾಗುವಾಗ ಸಿಸ್ಟರಿಗೆ ಹೇಳಿದೆ.
ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ.
"ಯಾರು ಹೇಳಿಕೊಟ್ಟರು?"
ನಾನು ನೆಲ ನೋಡಿದೆ.
ಹಿಂದಿನಿಂದ ಒಂದು ಕೈ ಎದ್ದಿತು,
ಮಡಿಕೆಯಲ್ಲಿ ನೀಲಿ ಕಲೆಯಿದ್ದ ಕೈ.
"ನಾನು."
"ನಿನಗೆ?"
"ಯಮಿಕಾನಿ. ಈಗ ಮಂಗೋಚಿಯಲ್ಲಿದ್ದಾನೆ."
"ಅವನಿಗೆ?"
ಉಲೆಮು ಸುಮ್ಮನಾದಳು.
ಸಿಸ್ಟರ್ ಕನ್ನಡಕ ತೆಗೆದರು,
ಸಮವಸ್ತ್ರದ ಅಂಚಿನಿಂದ ಒರೆಸಿದರು,
ಒರೆಸಿದ್ದನ್ನೇ ಒರೆಸಿದರು.
"ನಾನೇ ಇರಬೇಕು" ಅಂದರು.
"ಆಗ ಹದಿನೈದರದೇ ಬರುತ್ತಿತ್ತು."

ಮೂವರೂ ಅಜ್ಜಿಯ ಬಳಿ ಹೋದೆವು.
ಸಿಸ್ಟರ್ ಬಗ್ಗಿ, ಮೊದಲು ಅವಳ ಕಿವಿಗೆ ಹೇಳಿ,
ಆಮೇಲೆ ಕೊಳವೆಯ ಚಕ್ರ ತಿರುಗಿಸಿದರು.
ಗಟ್ಟಿಯಾಗಿ ಎಣಿಸತೊಡಗಿದರು. ನಾವೂ ದನಿಗೂಡಿಸಿದೆವು.
ಹಾಸಿಗೆಯ ಕೆಳಗಿಂದ ಎದ್ದ ಮೊಮ್ಮಗಳು
ಏನು ಎತ್ತ ತಿಳಿಯದೆ ತಾನೂ ಎಣಿಸಿದಳು:
ನಲವತ್ತು, ನಲವತ್ತೊಂದು, ನಲವತ್ತೆರಡು.

ಮಧ್ಯಾಹ್ನ ತಕೊಂಡ್ವಾನನ್ನು ಬಟ್ಟೆಕೋಣೆಗೆ ಕರೆದೆ.
ಅಂಕಿ ಹೇಳಲಿಲ್ಲ. ಪೊಟ್ಟಣ ಕೊಟ್ಟು "ಓದು" ಅಂದೆ.
ಕಿಟಕಿಯ ಬೆಳಕಿಗೆ ಹಿಡಿದು ಓದಿದವಳ ಮುಖ ಕೆಂಪೇರಿತು.
"ನಾನಾಗಲೇ ಇಬ್ಬರಿಗೆ ಹೇಳಿಬಿಟ್ಟಿದ್ದೇನೆ" ಅಂದಳು.

ಊಟ ಹಾಗೇ ಬಿಟ್ಟು
ಆ ಇಬ್ಬರನ್ನು ಹುಡುಕಿಕೊಂಡು ಹೊರಟೆವು.